ಕಥೆ ಹೇಳಿದ್ದನ್ನು ಮಣ್ಣು ಒಪ್ಪಿತಾ?

ಕಳೆದ ಸಂಚಿಕೆಯಲ್ಲಿ ಭೂಕಂಪದ ಬಗ್ಗೆ ಉತ್ತರಿಸುವಾಗ ಒಂದು ಸಾಲು ಬರೆದಿದ್ದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 1700ರಲ್ಲಿ ಆದ ಮಹಾ ಭೂಕಂಪದ ಸುದ್ದಿ ವಿಜ್ಞಾನಿಗಳಿಗಿಂತ ಮೊದಲೇ ಅಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿತ್ತು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರಿಗೆ ಖುಷಿಯಾಗಿದೆ, ಕೆಲವರಿಗೆ ಸಿಟ್ಟು ಬಂದಿದೆ. ಈ ಸಲದ ಅಂಕಣ ಪೂರ್ತಿ ಈ ಪತ್ರಗಳಿಗೇ ಮೀಸಲು.

ಪ್ರಶ್ನೆ: ಮೇಡಂ, ಕಥೆ ಬೇರೆ, ವಿಜ್ಞಾನ ಬೇರೆ ಅಂತ ಓದಿಕೊಂಡು ಬಂದವನು ನಾನು. ದೈತ್ಯ ಹಕ್ಕಿಯೊಂದು ತಿಮಿಂಗಿಲವನ್ನು ಎತ್ತಿ ನೆಲಕ್ಕೆ ಬಿಸಾಡಿದ ಕಥೆಯನ್ನು ಭೂವಿಜ್ಞಾನಿಗಳು ಸಾಕ್ಷಿ ಅಂತ ಒಪ್ಪಿದ್ದು ನಿಜವಾ? (ನಿವೃತ್ತ ಇಂಜಿನಿಯರ್)

ನಿಜ. ಆದರೆ ಕಥೆಯೊಂದನ್ನೇ ನಂಬಿ ಒಪ್ಪಿದ್ದಲ್ಲ. ಕಥೆ, ಮಣ್ಣು, ಮರ, ಜಪಾನಿನ ಹಳೇ ಕಡತ, ಎಲ್ಲ ಸೇರಿ ಒಂದೇ ಮಾತು ಹೇಳಿದ್ದರಿಂದ ಒಪ್ಪಿದ್ದು.

ಕೆನಡಾದ ವ್ಯಾಂಕೂವರ್ ದ್ವೀಪದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ ಸಮುದ್ರದ ಅಡಿಯಲ್ಲಿ ಸುಮಾರು 1,000 ಕಿ.ಮೀ. ಉದ್ದದ ಒಂದು ಗಡಿ ಇದೆ. ಕ್ಯಾಸ್ಕೇಡಿಯಾ ಅಂತ ಹೆಸರು. ಭೂಮಿಯ ಹೊರಚಿಪ್ಪು ಫಲಕಗಳೆಂಬ ದೊಡ್ಡ ತುಂಡುಗಳಾಗಿದೆ; ಅಲ್ಲಿ ಸಮುದ್ರತಳದ ಫಲಕ ಖಂಡದ ಫಲಕದ ಕೆಳಗೆ ನುಗ್ಗುತ್ತಿದೆ. ಯುರೋಪಿನಿಂದ ಬಂದು ನೆಲೆಸಿದವರ ಬರಹಗಳಲ್ಲಿ ಆ ಗಡಿ ದೊಡ್ಡದಾಗಿ ಅಲುಗಿದ ಸುದ್ದಿಯೇ ಇಲ್ಲ. ಹಾಗಾಗಿ 1980ರ ದಶಕದವರೆಗೂ, ಇದು ಸದ್ದಿಲ್ಲದೆ ಜಾರುವ ಗಡಿ, ಇಲ್ಲಿ ಮಹಾ ಭೂಕಂಪ ಆಗುವುದಿಲ್ಲ ಅಂತ ನಂಬಿದ ತಜ್ಞರು ಬಹಳ ಮಂದಿ ಇದ್ದರು.

ಅಲ್ಲೇ ಬದುಕಿದ್ದ ಜನ ಬೇರೆ ಮಾತು ಹೇಳುತ್ತಿದ್ದರು. ಮಕಾ ಜನರ ಮುಖಂಡ ಬಿಲ್ಲಿ ಬಾಲ್ಚ್ 1864ರಲ್ಲಿ, ಅಲ್ಲಿ ಶಾಲೆ ನಡೆಸುತ್ತಿದ್ದ ಜೇಮ್ಸ್ ಸ್ವಾನ್ ಎಂಬುವರಿಗೆ ಹೇಳಿದ್ದು ಇದು. ಸಮುದ್ರ ಉಕ್ಕಿ ಒಳನಾಡಿನ ಹುಲ್ಲುಗಾವಲನ್ನು ಮುಚ್ಚಿತು. ಕೇಪ್ ಫ್ಲಾಟರಿ ಎಂಬ ಭೂಶಿರ ದ್ವೀಪವಾಯಿತು. ಆಮೇಲೆ ನೀರು ಹಿಂದೆ ಸರಿದು ಕೊಲ್ಲಿಯೇ ಬತ್ತಿ ನಿಂತಿತು. ಮತ್ತೆ ನೀರು ಏರಿತು. ಇಳಿದಾಗ ಎಷ್ಟೋ ದೋಣಿಗಳು ಮರಗಳಲ್ಲಿ ಸಿಕ್ಕಿಕೊಂಡಿದ್ದವು, ತುಂಬ ಜನ ಸತ್ತಿದ್ದರು. ಇದು ತೀರಾ ಹಳೇ ಕಾಲದ್ದಲ್ಲ ಅಂತಲೂ ಬಾಲ್ಚ್ ಹೇಳಿದ್ದರು. ಸ್ವಾನ್ ಬರೆದಿಟ್ಟುಕೊಂಡರು. ನೂರಿಪ್ಪತ್ತು ವರ್ಷ ಅದು ಹಾಳೆಯಲ್ಲೇ ಉಳಿಯಿತು.

ವ್ಯಾಂಕೂವರ್ ದ್ವೀಪದ ಹೂ-ಅಯ್-ಅಟ್ ಜನರಲ್ಲಿ ಇನ್ನೊಂದು ಕಥೆ ಇದೆ. ಅವರ ಹಿರಿಯ ಮುಖಂಡ ಲೂಯಿ ನೂಕ್ಮಿಸ್ 1964ರಲ್ಲಿ ಹೇಳಿದ್ದು ದಾಖಲಾಗಿದೆ. ಪಚೀನಾ ಕೊಲ್ಲಿಯ ದಂಡೆಯಲ್ಲಿ ಒಂದು ಊರಿತ್ತು. ರಾತ್ರಿ ಹೊತ್ತು ನೆಲ ನಡುಗಿತು. ಹಿಂದೆಯೇ ಸಮುದ್ರ ಬಂತು. ಓಡಲು ಹೊತ್ತೇ ಸಿಗಲಿಲ್ಲ. ದಂಡೆಯ ಊರು ಪೂರ್ತಿ ಹೋಯಿತು, ಎತ್ತರದಲ್ಲಿ ಮನೆ ಇದ್ದವರು ಮಾತ್ರ ಉಳಿದರು. ನೀವು ಕೇಳಿದ ಗುಡುಗು ಹಕ್ಕಿ ಮತ್ತು ತಿಮಿಂಗಿಲದ ಕಥೆಯೂ ಇದೇ ಕರಾವಳಿಯದು. ಹಕ್ಕಿ ತಿಮಿಂಗಿಲವನ್ನು ಎತ್ತಿ ಬಿಸಾಡಿದಾಗ ನೆಲ ಅದುರುತ್ತದೆ, ನೀರು ಉಕ್ಕುತ್ತದೆ. ಭಾಷೆ ಬೇರೆ ಬೇರೆ ಇರುವ ಜನರೂ ಇದನ್ನು ಹೇಳುತ್ತಾರೆ. ನೆಲದ ನಡುಕ ಮತ್ತು ನೀರಿನ ಉಕ್ಕು, ಇವೆರಡೂ ಜೊತೆಯಾಗಿ ಬರುವುದನ್ನು ಗಮನಿಸಿ.

ಈಗ ಮಣ್ಣಿಗೆ ಬರೋಣ. 1986ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಬ್ರಯಾನ್ ಅಟ್‌ವಾಟರ್ ವಾಷಿಂಗ್ಟನ್ ರಾಜ್ಯದ ಅಳಿವೆಗಳಲ್ಲಿ ದಡದ ಕೆಸರು ಕೆದಕುತ್ತಾ ಹೋದರು. ನೀರು ಇಳಿದಾಗ ದಡದ ಗೋಡೆಯಲ್ಲಿ ಪದರಗಳು ಕಾಣುತ್ತವೆ. ಕೆಳಗೆ ಕಪ್ಪು ಮಣ್ಣು, ಹುಲ್ಲು ಬೆಳೆಯುತ್ತಿದ್ದ ಜೌಗು ನೆಲದ್ದು. ಅದರ ಮೇಲೆ ತೆಳುವಾಗಿ ಮರಳು. ಅದರ ಮೇಲೆ ಬೂದು ಬಣ್ಣದ ಕೆಸರು, ಭರತ ಬಂದಾಗಲೆಲ್ಲ ಮುಳುಗುವ ಜಾಗದ್ದು.

ನಾನು ಆ ಅಳಿವೆಗಳನ್ನು ನೋಡಿಲ್ಲ. ಆದರೆ ಅಂಥದೇ ನೆಲಕ್ಕೆ ಇಳಿಸಿ ಹೂಳು ತುಂಬಿ ತೆಗೆದ ಕೊಳವೆಗಳನ್ನು ಪ್ರಯೋಗಾಲಯದಲ್ಲಿ ಎಷ್ಟೋ ಸಲ ಸೀಳಿದ್ದೇನೆ. ಕೊಳವೆಯನ್ನು ಉದ್ದಕ್ಕೆ ಸೀಳಿ, ತೆಳು ತಂತಿ ಎಳೆದು ಎರಡು ಹೋಳು ಮಾಡುತ್ತೇವೆ. ತೆರೆದ ತಕ್ಷಣ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಕಪ್ಪು ಮಣ್ಣು ಬೆಣ್ಣೆಯ ಹಾಗೆ ನುಣ್ಣಗಿರುತ್ತದೆ. ಬೆರಳನ್ನು ಮೇಲಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ಥಟ್ಟನೆ ಮರಳು ತರಿತರಿಯಾಗಿ ಸಿಗುತ್ತದೆ. ಆ "ಥಟ್ಟನೆ" ಅನ್ನುವುದೇ ಮುಖ್ಯ. ನೆಲ ನೂರಾರು ವರ್ಷದಲ್ಲಿ ನಿಧಾನವಾಗಿ ತಗ್ಗಿದ್ದರೆ ಒಂದು ಪದರ ಇನ್ನೊಂದರೊಳಗೆ ಮೆಲ್ಲಗೆ ಬೆರೆತಿರುತ್ತಿತ್ತು. ಕ್ಯಾಸ್ಕೇಡಿಯಾ ದಂಡೆಯಲ್ಲಿ ಹುಲ್ಲಿನ ದಂಟುಗಳು ನೆಟ್ಟಗೆ ನಿಂತ ಹಾಗೇ ಮರಳಿನೊಳಗೆ ಹೂತುಹೋಗಿದ್ದವು. ಅಂದರೆ ಹುಲ್ಲು ಬೆಳೆದಿದ್ದ ನೆಲ ಕ್ಷಣಮಾತ್ರದಲ್ಲಿ ಕುಸಿದಿದೆ, ಹಿಂದೆಯೇ ಸಮುದ್ರ ಮರಳು ಹೊತ್ತು ತಂದು ಸುರಿದಿದೆ.

ಕಾರ್ಬನ್ ಡೇಟಿಂಗ್ ಇದನ್ನು 1700ರ ಆಸುಪಾಸಿಗೆ ತಂದು ನಿಲ್ಲಿಸಿತು. ಇಸವಿ ಖಚಿತವಾಗಿದ್ದು ಜಪಾನಿನಿಂದ. ಅಲ್ಲಿ 1700ರ ಜನವರಿ ಕೊನೆಯಲ್ಲಿ ಒಂದು ಸುನಾಮಿ ಬಂದಿತ್ತು. ಕುವಗಸಾಕಿ ಎಂಬ ಊರಲ್ಲಿ ಮನೆಗಳು ಕೊಚ್ಚಿಹೋಗಿದ್ದವು, ಬೆಂಕಿಯೂ ಬಿದ್ದಿತ್ತು. ಮಿಹೋ ಎಂಬ ಊರಿನ ಮುಖಂಡ, ನೆಲ ನಡುಗದೆಯೇ ಇಂಥ ಅಲೆ ಬಂತಲ್ಲ ಅಂತ ಅಚ್ಚರಿಯಿಂದ ಬರೆದಿಟ್ಟಿದ್ದಾನೆ. ಕೆಂಜಿ ಸತಾಕೆ ಮತ್ತು ಜೊತೆಗಾರರು 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಅಲೆ ಪೆಸಿಫಿಕ್ ಸಾಗರ ದಾಟಿ ಬಂದದ್ದು ಕ್ಯಾಸ್ಕೇಡಿಯಾದಿಂದ. ದಾಟಲು ಹಿಡಿದ ಹೊತ್ತನ್ನು ಕಳೆದರೆ ಭೂಕಂಪ ಆಗಿದ್ದು 1700ರ ಜನವರಿ 26, ರಾತ್ರಿ ಸುಮಾರು 9 ಗಂಟೆಗೆ. ಮರುವರ್ಷ ಮರಗಳೂ ಒಪ್ಪಿದವು. ವಾಷಿಂಗ್ಟನ್ನಿನ ಕೊಪಾಲಿಸ್ ನದಿಯ ಬಳಿ ಕೆಂಪು ಸೀಡರ್ ಮರಗಳ ಒಣ ಬೊಡ್ಡೆಗಳು ಇವತ್ತಿಗೂ ನಿಂತಿವೆ. ಉಪ್ಪುನೀರು ನುಗ್ಗಿ ಸತ್ತ ಮರಗಳು. ಬೇರಿನ ಉಂಗುರ ಎಣಿಸಿದಾಗ ಅವು ಸತ್ತಿದ್ದು 1699ರ ಆಗಸ್ಟ್‌ಗೂ 1700ರ ಮೇ ತಿಂಗಳಿಗೂ ನಡುವೆ ಅಂತ ತಿಳಿಯಿತು.

ರಾತ್ರಿ 9 ಗಂಟೆ. ನೂಕ್ಮಿಸ್ ಹೇಳಿದ್ದೂ ರಾತ್ರಿ ಅಂತಲೇ, ಅದೂ ಈ ಲೆಕ್ಕ ಬರುವುದಕ್ಕೆ 32 ವರ್ಷ ಮೊದಲು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಮಣ್ಣಿನ ಪದರ ಹಗಲೋ ರಾತ್ರಿಯೋ ಹೇಳಲಾರದು. ಎತ್ತರದ ಮನೆಯವರು ಉಳಿದರು ಅಂತಲೂ ಹೇಳಲಾರದು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಹೀಗೆ ಕಥೆ ಮತ್ತು ಭೂವಿಜ್ಞಾನ ಜೊತೆಯಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಉಂಟಾ?

ಉಂಟು. ಆ ಕೇಸು ನಿಮ್ಮ ಪಾಠದಲ್ಲೂ ಬರಬಹುದು: ದೆಲ್ಗಮೂಕ್ ವಿರುದ್ಧ ಬ್ರಿಟಿಷ್ ಕೊಲಂಬಿಯಾ. ಕೆನಡಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ಸುಮಾರು 58,000 ಚದರ ಕಿ.ಮೀ. ನೆಲ ತಮ್ಮದು ಅಂತ ಹಾಕಿದ ಕೇಸು. ಅವರಲ್ಲಿ ನೋಂದಣಿ ಪತ್ರ ಇರಲಿಲ್ಲ. ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಕಥನಗಳು, ಹಾಡುಗಳು ಇದ್ದವು.

ಅವುಗಳಲ್ಲಿ ಒಂದು ಕರಡಿಯದು. ಸೀಲಿ ಸರೋವರದಿಂದ ಒಂದು ದೈತ್ಯ ಕರಡಿ ಎದ್ದು, ಮರಗಳನ್ನು ಬುಡಸಮೇತ ಕಿತ್ತು ಎಸೆಯುತ್ತಾ ಕಣಿವೆಯಲ್ಲಿ ನುಗ್ಗಿತು ಅಂತ ಗಿಟ್‌ಕ್ಸಾನರು ಹೇಳುತ್ತಾರೆ. ಮೀಡೀಕ್ ಅಂತ ಆ ಕರಡಿಯ ಹೆಸರು. ಹಾಗಾದರೆ ಅಲ್ಲಿ ಏನೋ ಆಗಿರಬೇಕು ಅಂತ ಸಂಶೋಧಕರು ಸರೋವರದ ತಳದ ಹೂಳು ತೆಗೆದು ನೋಡಿದರು, ಸುತ್ತಲಿನ ಕಣಿವೆ ಅಳೆದರು. ಸುಮಾರು 3,500 ವರ್ಷಗಳ ಹಿಂದೆ ಬೆಟ್ಟದ ತೊರೆಯೊಂದರ ಜಾಡಿನಲ್ಲಿ ಮಣ್ಣು, ಬಂಡೆ, ಮರ ಎಲ್ಲ ಕಲಸಿಕೊಂಡು ಕುಸಿದು ಬಂದಿತ್ತು. ಅದು ಅಡ್ಡ ನಿಂತು ಸರೋವರದ ನೀರಿನ ಮಟ್ಟವೇ ಏರಿತ್ತು.

ಗುಡ್ಡ ಕುಸಿಯುವುದನ್ನು ನೋಡಿದವರಿಗೆ ಕರಡಿ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಗುಡುಗಿನಂಥ ಸದ್ದು, ಮುಂದೆ ಮುಂದೆ ಉರುಳುವ ಕಂದು ಮೈ, ಮೈಮೇಲೆ ಎದ್ದು ಬೀಳುವ ಮರಗಳು. ಪಠ್ಯಪುಸ್ತಕದ "ಭಗ್ನಾವಶೇಷ ಹರಿವು" ಅನ್ನುವ ಪದಕ್ಕಿಂತ ಕರಡಿಯೇ ಅದನ್ನು ಸರಿಯಾಗಿ ಕಣ್ಣಿಗೆ ಕಟ್ಟಿಸುತ್ತದೆ ಅಂತ ನನ್ನ ಅಭಿಪ್ರಾಯ.

ವಿಚಾರಣಾ ನ್ಯಾಯಾಲಯ 1991ರಲ್ಲಿ ಕಥನಗಳಿಗೆ ಸ್ವತಂತ್ರ ತೂಕ ಕೊಡಲಿಲ್ಲ. 1997ರ ಡಿಸೆಂಬರ್ 11ರಂದು ಕೆನಡಾದ ಸುಪ್ರೀಂ ಕೋರ್ಟ್ ಅದು ತಪ್ಪು ಅಂದಿತು. ಬಾಯಿಮಾತಿನ ಇತಿಹಾಸವನ್ನು ಬರಹದ ದಾಖಲೆಗೆ ಸರಿಸಮವಾಗಿ ಕೂರಿಸಿ ನೋಡಬೇಕು ಅಂತ ಹೇಳಿ, ಹೊಸದಾಗಿ ವಿಚಾರಣೆ ಆಗಲಿ ಅಂತ ಆದೇಶಿಸಿತು. ತೀರ್ಪನ್ನು ಪೂರ್ತಿ ಓದಿ. ಭೂವಿಜ್ಞಾನ ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ.

ಪ್ರಶ್ನೆ: ಕಥೆಗೆ ಕಿವಿಗೊಡದೆ ವಿಜ್ಞಾನಿಗಳು ತಪ್ಪು ದಾರಿ ಹಿಡಿದದ್ದು ಇದೆಯಾ? ಒಂದು ಉದಾಹರಣೆ ಕೊಡಿ. (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ)

ಒಂದಲ್ಲ, ಎರಡು ಕೊಡುತ್ತೇನೆ.

ಹವಾಯಿಯ ಕಿಲಾವೆಯ ಜ್ವಾಲಾಮುಖಿಯ ನೆತ್ತಿಯಲ್ಲಿ ದೊಡ್ಡ ಕುಳಿ ಇದೆ. ನೆಲವೇ ಕುಸಿದು ಆದ ಕುಳಿ. ಇಪ್ಪತ್ತನೇ ಶತಮಾನದ ಬಹುಪಾಲು, ಅದು 1790ರ ಸ್ಫೋಟದ ಹೊತ್ತಿಗೆ ಆದದ್ದು ಅಂತಲೇ ಭೂವಿಜ್ಞಾನಿಗಳು ಬರೆದರು. ಹವಾಯಿ ಜನರ ಪಠಣಗಳಲ್ಲಿ ಬೇರೆ ಮಾತಿತ್ತು. ಬೆಂಕಿಯ ದೇವತೆ ಪೇಲೆ ತನ್ನ ಪ್ರಿಯಕರ ಲೋಹಿಯಾವುನನ್ನು ಕರೆತರಲು ತಂಗಿ ಹಿಯಾಕಳನ್ನು ಕಳಿಸುತ್ತಾಳೆ. ತಂಗಿ ಬರುವುದು ತಡವಾಗುತ್ತದೆ. ಪೇಲೆಗೆ ಸಿಟ್ಟು ಬಂದು ತಂಗಿಯ ಪ್ರೀತಿಯ ಕಾಡನ್ನು ಸುಡುತ್ತಾಳೆ, ಲೋಹಿಯಾವುನನ್ನೂ ಕೊಲ್ಲುತ್ತಾಳೆ. ಹಿಯಾಕ ಅವನ ದೇಹಕ್ಕಾಗಿ ನೆಲ ಅಗೆಯತೊಡಗುತ್ತಾಳೆ. ಬಂಡೆಗಳು ಹಾರಿ ಬೀಳುತ್ತವೆ. ಇನ್ನೂ ಆಳಕ್ಕೆ ಹೋದರೆ ನೀರು ಬಂದು ಬೆಂಕಿ ಆರಿಹೋಗುತ್ತದೆ, ನಿಲ್ಲಿಸು ಅಂತ ಅವಳನ್ನು ತಡೆಯುತ್ತಾರೆ.

ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದ ಡಾನ್ ಸ್ವಾನ್ಸನ್ ಬೂದಿ ಪದರಗಳ ವಯಸ್ಸು ನೋಡುತ್ತಾ ಹೋದಾಗ ಸಿಕ್ಕಿದ್ದು ಇದೇ ಅನುಕ್ರಮ. ಹದಿನೈದನೇ ಶತಮಾನದಲ್ಲಿ ಸುಮಾರು 60 ವರ್ಷ ಲಾವಾ ಹರಿದು 400 ಚದರ ಕಿ.ಮೀ.ಗೂ ಜಾಸ್ತಿ ಕಾಡನ್ನು ಮುಚ್ಚಿತ್ತು. ಅದರ ಬೆನ್ನಿಗೇ, 1500ರ ಸುಮಾರಿಗೆ, ನೆತ್ತಿ ಕುಸಿದು ಕುಳಿಯಾಯಿತು. ಆಮೇಲಿನ ಸ್ಫೋಟಗಳಲ್ಲಿ ಅಂತರ್ಜಲದ ಕೈವಾಡ ಇತ್ತು. ಕಾಡು ಸುಟ್ಟಿದ್ದು ಮೊದಲು, ಅಗೆದದ್ದು ಆಮೇಲೆ, ನೀರಿನ ಎಚ್ಚರಿಕೆ ಕೊನೆಗೆ. ಸ್ವಾನ್ಸನ್ ಇದನ್ನು 2008ರಲ್ಲಿ ಪ್ರಕಟಿಸಿದರು. ಪಠಣಗಳನ್ನು ಮೊದಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಕುಳಿಯ ವಯಸ್ಸಿನಲ್ಲಿ ಮುನ್ನೂರು ವರ್ಷದ ತಪ್ಪು ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ಎರಡನೆಯದು ಫಿಜಿಯ ಕಡವು ದ್ವೀಪದ್ದು. ಅಲ್ಲಿ ನಬುಕೆಲೆವು ಎಂಬ ಬೆಟ್ಟ. ಓನೋ ದ್ವೀಪದ ಒಡೆಯ ತನೋವೋನಿಗೆ ಸಂಜೆ ಸೂರ್ಯ ಮುಳುಗುವುದನ್ನು ನೋಡುವುದೆಂದರೆ ಇಷ್ಟ. ಈ ಬೆಟ್ಟ ಎದ್ದು ಅಡ್ಡ ಬಂತು. ಸಿಟ್ಟಿನಿಂದ ಬುಟ್ಟಿಯಲ್ಲಿ ಮಣ್ಣು ತೆಗೆದು ಸಾಗಿಸಲು ಹೋದ. ಬೆಟ್ಟದ ಒಡೆಯ ಅಟ್ಟಿಸಿಕೊಂಡು ಬಂದ. ಓಡುವಾಗ ಚೆಲ್ಲಿದ ಮಣ್ಣು ದ್ವೀಪಗಳಾದವು. ಬೆಟ್ಟ ಎದ್ದಿತು ಅನ್ನುವ ಮಾತು ಅಲ್ಲಿ ಮನುಷ್ಯರು ಜ್ವಾಲಾಮುಖಿ ನೋಡಿದ್ದರು ಅಂತ ಸೂಚಿಸುತ್ತದೆ. ಮೊದಲ ಅಧ್ಯಯನ ಅದನ್ನು ಒಪ್ಪಲಿಲ್ಲ. ಫಿಜಿಗೆ ಜನ ಬಂದದ್ದು ಸುಮಾರು 3,000 ವರ್ಷದ ಹಿಂದೆ, ಈ ಬೆಟ್ಟ ಅದಕ್ಕೆ ಎಷ್ಟೋ ಮೊದಲೇ ತಣ್ಣಗಾಗಿದೆ ಅಂದಿತು. ಆಮೇಲೆ ಆ ದ್ವೀಪದಲ್ಲಿ ಹೊಸ ರಸ್ತೆ ಮಾಡಲು ಗುಡ್ಡ ಕಡಿದರು. ಕಡಿದ ಬದಿಯಲ್ಲಿ ಬೂದಿಯ ಪದರ ಕಂಡಿತು. ಅದರ ಕೆಳಗೆ ಜನ ತುಳಿದು ಗಟ್ಟಿಯಾದ ನೆಲ, ಅದರಲ್ಲಿ ಮಡಕೆಯ ಚೂರುಗಳು. ಮಡಕೆ ಮಾಡುವವರು ಬಂದ ಮೇಲೆಯೇ ಬೂದಿ ಬಿದ್ದಿದೆ ಅಂತಾಯಿತಲ್ವಾ? ಮೊದಲು ಒಪ್ಪದಿದ್ದ ಪ್ಯಾಟ್ರಿಕ್ ನನ್ ಅವರೇ ತಮ್ಮ ಅಭಿಪ್ರಾಯ ತಿದ್ದಿಕೊಂಡು ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಆಗಲೇ.

ಪ್ರಶ್ನೆ: ಮುನ್ನೂರು ವರ್ಷದ ನೆನಪು ಸರಿ. ಆಸ್ಟ್ರೇಲಿಯಾದ ಕಥೆಗಳು 7,000 ವರ್ಷ ಹಳೆಯವು ಅಂತ ಎಲ್ಲೋ ಓದಿದೆ. ನನಗೆ ನನ್ನ ಮುತ್ತಜ್ಜನ ಹೆಸರೇ ಗೊತ್ತಿಲ್ಲ. ಇದನ್ನು ಹೇಗೆ ನಂಬಲಿ? (ಗೃಹಿಣಿ)

ನಿಮ್ಮ ಅನುಮಾನ ಸರಿಯಾದ್ದೇ. ನನಗೂ ಅದೇ ಅನುಮಾನ ಇತ್ತು.

ಮೊದಲು ಸಮುದ್ರದ ಲೆಕ್ಕ ನೋಡಿ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗುತ್ತಾ ಏರಿತು. ಸುಮಾರು 7,000 ವರ್ಷದ ಹಿಂದೆ ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ಬಂದು ನಿಂತಿತು. ಆದ್ದರಿಂದ "ಈಗ ಸಮುದ್ರ ಇರುವ ಇಂಥ ಜಾಗದಲ್ಲಿ ಒಂದು ಕಾಲಕ್ಕೆ ನಡೆದಾಡುತ್ತಿದ್ದೆವು" ಅನ್ನುವ ಕಥೆ ನಿಜವಾದ ನೆನಪೇ ಆಗಿದ್ದರೆ, ಅದಕ್ಕೆ ಅಷ್ಟು ವಯಸ್ಸು ಇರಲೇಬೇಕು. ಪ್ಯಾಟ್ರಿಕ್ ನನ್ ಮತ್ತು ಭಾಷಾವಿಜ್ಞಾನಿ ನಿಕೊಲಸ್ ರೀಡ್ 2016ರಲ್ಲಿ ಆಸ್ಟ್ರೇಲಿಯಾದ ಸುತ್ತಲಿನ 21 ಕಡೆಗಳಿಂದ ಇಂಥ ಕಥೆಗಳನ್ನು ಒಟ್ಟುಮಾಡಿ ಪ್ರಕಟಿಸಿದರು. ಈಗ ಮೆಲ್ಬರ್ನ್ ನಗರದ ಎದುರಿಗಿರುವ ಪೋರ್ಟ್ ಫಿಲಿಪ್ ಕೊಲ್ಲಿ ಒಣ ಬಯಲಾಗಿತ್ತು, ಅಲ್ಲಿ ಕಾಂಗರೂ ಬೇಟೆಯಾಡುತ್ತಿದ್ದೆವು ಅಂತ ಒಂದು. ಸ್ಪೆನ್ಸರ್ ಖಾರಿ ಕೆರೆಗಳ ಸಾಲಾಗಿತ್ತು ಅಂತ ಇನ್ನೊಂದು.

ನನ್ನ ಅನುಮಾನ ಸಡಿಲಾಗಿದ್ದು ಕಥೆಗಿಂತ ಒಂದು ಹೆಸರಿನಿಂದ. ಕ್ವೀನ್ಸ್‌ಲೆಂಡಿನ ಕೆಯರ್ನ್ಸ್ ಕರಾವಳಿಯ ಯಿಡಿಂಜಿ ಜನರ ಭಾಷೆಯನ್ನು ದಾಖಲಿಸಿದ ಆರ್. ಎಂ. ಡಬ್ಲ್ಯು. ಡಿಕ್ಸನ್ ಇದನ್ನು ಬರೆದಿಟ್ಟಿದ್ದಾರೆ. ದಡಕ್ಕೂ ಫಿಟ್ಜ್‌ರಾಯ್ ದ್ವೀಪಕ್ಕೂ ನಡುವಿನ ನೀರಿನಲ್ಲಿ ಒಂದು ಜಾಗಕ್ಕೆ ಮುಡಾಗ ಅಂತ ಹೆಸರು. ಮುಡಾಗ ಅಂದರೆ ಒಂದು ಬಗೆಯ ಪೈನ್ ಮರ. ಅಲ್ಲಿ ಆ ಮರಗಳು ಬೆಳೆಯುತ್ತಿದ್ದವಂತೆ. ಅದೇ ಭಾಷೆಯಲ್ಲಿ ದ್ವೀಪಕ್ಕೂ ಸಣ್ಣ ಗುಡ್ಡಕ್ಕೂ ಒಂದೇ ಪದ. ನೀರಿನ ನಡುವಿನ ಜಾಗಕ್ಕೆ ಯಾರಾದರೂ ಸುಮ್ನೆ ಮರದ ಹೆಸರು ಇಡುತ್ತಾರಾ?

ಇನ್ನು ನೆನಪು ಉಳಿಯುವ ಬಗೆ. ನಿಮ್ಮ ಮುತ್ತಜ್ಜನ ಹೆಸರನ್ನು ನೆನಪಿಡು ಅಂತ ನಿಮಗೆ ಯಾರೂ ಜವಾಬ್ದಾರಿ ಕೊಟ್ಟಿರಲಿಲ್ಲ. ಮಧ್ಯ ಆಸ್ಟ್ರೇಲಿಯಾದ ವಾರ್ಲ್‌ಪಿರಿ ಜನರಲ್ಲಿ ಅದೊಂದು ಜವಾಬ್ದಾರಿ. ಒಂದು ಜಾಗದ ಕಥೆಗೆ ತಂದೆಯ ಕಡೆಯಿಂದ ಬಂದ ಒಡೆಯರು ಇರುತ್ತಾರೆ, ಅವರು ಕಿರ್ದ. ತಾಯಿಯ ಕಡೆಯ ಬಂಧುಗಳು ಕುರ್ದುಂಗುರ್ಲು. ಒಡೆಯರು ಹಾಡಿ ಆಡಿ ತೋರಿಸುವಾಗ ಇವರು ನೋಡುತ್ತಾ ಇರುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಹೇಳುವವನ ಪಕ್ಕದಲ್ಲೇ ತಿದ್ದುವವನೂ ಕೂತಿರುತ್ತಾನೆ. ಜೊತೆಗೆ ಕಥೆ ಒಂದು ಬಂಡೆಗೆ, ಒಂದು ನೀರಿನ ಒರತೆಗೆ ಅಂಟಿಕೊಂಡಿರುತ್ತದೆ. ಆ ಬಂಡೆ ಹಾದಾಗಲೆಲ್ಲ ಕಥೆ ಮತ್ತೆ ಬಾಯಿಗೆ ಬರುತ್ತದೆ. ಅದರಿಂದ 7,000 ವರ್ಷ ಸಾಧ್ಯ ಅಂತ ನಾನು ಈಗ ಒಪ್ಪುತ್ತೇನೆ.

ಪ್ರಶ್ನೆ: ನೀವು ಬರೆಯುತ್ತಿರುವುದು ಅಪಾಯಕಾರಿ. ಯಾವ ಬೆಟ್ಟಕ್ಕಾದರೂ ಒಂದು ಕಥೆ ಇರುತ್ತದೆ, ಯಾವ ಕಥೆಗಾದರೂ ಒಂದು ಬೆಟ್ಟ ಸಿಗುತ್ತದೆ. ಆಮೇಲೆ ಎರಡನ್ನೂ ಜೋಡಿಸಿ ವಿಜ್ಞಾನ ಅಂದರೆ ಆಯಿತಾ? (ಭೌತವಿಜ್ಞಾನ ಪ್ರಾಧ್ಯಾಪಕರು)

ಆಗುವುದಿಲ್ಲ, ಸರ್. ಈ ಸಲದ ಪತ್ರಗಳಲ್ಲಿ ನಾನು ಅತ್ಯಂತ ಜಾಸ್ತಿ ಹೊತ್ತು ಯೋಚಿಸಿದ್ದು ನಿಮ್ಮದರ ಬಗ್ಗೆ.

ನಾನು ಕಥೆಯ ಬಗ್ಗೆ ಮೊದಲು ಕೇಳುವುದು, ಅದನ್ನು ಬರೆದಿಟ್ಟಿದ್ದು ಯಾವಾಗ ಅಂತ. ವಿಜ್ಞಾನಿಗಳು ಪತ್ತೆ ಮಾಡುವುದಕ್ಕೆ ಮೊದಲೋ ಆಮೇಲೋ? ಬಾಲ್ಚ್ ಹೇಳಿದ್ದು 1864ರಲ್ಲಿ, ಅಟ್‌ವಾಟರ್ ಅಗೆದದ್ದು 1986ರಲ್ಲಿ. ಹಾಗಾಗಿ ಅದಕ್ಕೆ ತೂಕ ಇದೆ. ಊರಿಗೆ ಪಾದ್ರಿಗಳು ಬಂದು ಜಲಪ್ರಳಯದ ಪಾಠ ಮಾಡಿದ ಮೇಲೆ ಬರೆದುಕೊಂಡ ಪ್ರವಾಹದ ಕಥೆಯಾದರೆ ಎಚ್ಚರ ಬೇಕು. ಕಥೆಯಲ್ಲಿ ಆ ಜಾಗಕ್ಕೇ ಸೇರಿದ ವಿವರ ಇದೆಯಾ, ಎಲ್ಲಿ ಬೇಕಾದರೂ ಹೊಂದುವಂಥದ್ದಾ ಅನ್ನುವುದೂ ಮುಖ್ಯ. ಸಂಖ್ಯೆಗಳನ್ನಂತೂ ನಾನು ಹಾಗೇ ನಂಬುವುದಿಲ್ಲ. ಬಾಲ್ಚ್ ಕಥೆಯಲ್ಲಿ ಕೊಲ್ಲಿ ನಾಲ್ಕು ದಿನ ಬತ್ತಿತ್ತು ಅಂತ ಬರುತ್ತದೆ. ಆ ಕರಾವಳಿಯ ಕಥೆಗಳಲ್ಲಿ ನಾಲ್ಕು ಅನ್ನುವುದು ಪದೇ ಪದೇ ಬರುವ ಪವಿತ್ರ ಸಂಖ್ಯೆ. ಅದನ್ನು ಗಡಿಯಾರದ ಲೆಕ್ಕ ಮಾಡಬಾರದು.

ನೋಡಿದ ನೆನಪು ಬೇರೆ, ನೋಡಿ ಊಹಿಸಿದ್ದು ಬೇರೆ. ಅಮೆರಿಕದ ಆರೆಗನ್ ರಾಜ್ಯದ ಕ್ರೇಟರ್ ಲೇಕ್ ಬಗ್ಗೆ ಕ್ಲಾಮತ್ ಜನರ ಕಥೆ ಇದೆ. ಕೆಳಲೋಕದ ಲಾವೋ ಮತ್ತು ಮೇಲ್ಲೋಕದ ಸ್ಕೆಲ್ ಹೊಡೆದಾಡಿದರು, ಬೆಂಕಿ ಸುರಿಯಿತು, ಲಾವೋ ಇದ್ದ ಬೆಟ್ಟ ಕುಸಿದು ಅವನ ಮೇಲೇ ಬಿತ್ತು, ಗುಂಡಿಯಲ್ಲಿ ನೀರು ತುಂಬಿತು. ಮೌಂಟ್ ಮಜಾಮ ಸುಮಾರು 7,700 ವರ್ಷದ ಹಿಂದೆ ನಿಜಕ್ಕೂ ಹೀಗೇ ಸಿಡಿದು ಒಳಕ್ಕೆ ಕುಸಿಯಿತು. 594 ಮೀಟರ್ ಆಳದ ಸರೋವರ ಅಲ್ಲಿದೆ. ಆದರೆ ಅಷ್ಟು ದೊಡ್ಡ ಗುಂಡಿ ನೋಡಿ, ಸುಟ್ಟ ಕಲ್ಲು ನೋಡಿ, ಬುದ್ಧಿವಂತರು ಆಮೇಲೆ ಊಹಿಸಿರಬಹುದಲ್ವಾ? ಇರಬಹುದು. ಅಂಥ ಊಹೆಯೂ ಭೂವಿಜ್ಞಾನವೇ. ಜನ ಆಗ ಅಲ್ಲಿದ್ದರು ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇದೆ. ಲೂಥರ್ ಕ್ರೆಸ್‌ಮನ್ 1938ರಲ್ಲಿ ಅದೇ ರಾಜ್ಯದ ಫೋರ್ಟ್ ರಾಕ್ ಗುಹೆ ಅಗೆದಾಗ, ಮಜಾಮ ಬೂದಿಯ ಕೆಳಗೆ ಹತ್ತಾರು ಚಪ್ಪಲಿಗಳು ಸಿಕ್ಕವು. ಗಿಡದ ನಾರಿನಿಂದ ಹೆಣೆದವು, 9,000 ವರ್ಷಕ್ಕೂ ಹಳೆಯವು.

ನಾನು ಒಪ್ಪದ ಉದಾಹರಣೆಯನ್ನೂ ಹೇಳಬೇಕು. ಆಸ್ಟ್ರೇಲಿಯಾದ ಗುಂಡಿಚ್‌ಮಾರ ಜನರ ಬುಜ್ ಬಿಮ್ ಬೆಟ್ಟ ಸುಮಾರು 37,000 ವರ್ಷದ ಹಿಂದೆ ಲಾವಾ ಉಗುಳಿತು ಅಂತ 2020ರಲ್ಲಿ ಅಳೆದರು. ಅವರ ಪೂರ್ವಜ ದೈತ್ಯನ ದೇಹವೇ ಆ ಬೆಟ್ಟ ಅನ್ನುವ ಕಥೆ ಅಷ್ಟೇ ಹಳೆಯ ಕಣ್ಣಾರೆ ಕಂಡ ನೆನಪಿರಬಹುದು ಅಂತ ಸುದ್ದಿ ಓಡಾಡಿತು. ಆ ಕಥೆ ಸುಂದರ, ಆ ಜನರಿಗೆ ಅದು ಪವಿತ್ರ. ಆದರೆ ಬೆಟ್ಟದ ಆಕಾರ ನೋಡಿಯೂ ಅದು ಹುಟ್ಟಿರಬಹುದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸಿಗುವವರೆಗೆ ನಾನು ಅದನ್ನು ನೆನಪು ಅನ್ನುವುದಿಲ್ಲ.

ಪ್ರಶ್ನೆ: ನಾನು ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಇಂಥ ಅಧ್ಯಯನ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಅನುಮತಿಯಿಂದ ಶುರು ಮಾಡಿ. ಕಥೆ ಯಾರದು, ಯಾರು ಹೇಳಬಹುದು, ಯಾರ ಮುಂದೆ ಹೇಳಬಹುದು ಅನ್ನುವುದಕ್ಕೆ ಆ ಜನರಲ್ಲಿ ನಿಯಮ ಇರುತ್ತದೆ. ಉತ್ತರ ಅಮೆರಿಕದ ಎಷ್ಟೋ ಬುಡಕಟ್ಟುಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು. ನಿಮ್ಮ ಪ್ರಾಜೆಕ್ಟಿನ ಗಡುವು ಬೇಸಿಗೆಯಲ್ಲಿದ್ದರೆ ಕಾಯಬೇಕಾದವರು ನೀವು. ಅವರ ಭಾಷೆಯಲ್ಲೇ ದಾಖಲಿಸಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಲೇಖಕರ ಸಾಲಿನಲ್ಲೇ ಹಾಕಿ, ಕೊನೆಯ ಕೃತಜ್ಞತೆಯ ಪುಟದಲ್ಲಲ್ಲ. ನಿಮ್ಮ ಫಲಿತಾಂಶವನ್ನು ಮೊದಲು ಅವರಿಗೆ ಓದಿ ಹೇಳಿ. ಪ್ರಕಟಿಸಬೇಡಿ ಅಂದ ಭಾಗವನ್ನು ಬಿಟ್ಟುಬಿಡಿ. ಕಥೆಯಲ್ಲಿ ನಿಮಗೆ ಬೇಕಾದ ಬೆಂಕಿ ಮತ್ತು ನೀರು ಮಾತ್ರ ಕಿತ್ತುಕೊಂಡು ಉಳಿದದ್ದನ್ನು ಸಿಪ್ಪೆ ಅಂತ ಎಸೆಯಬೇಡಿ. ಮೀನಿಗೆ ಹಿಂಸೆ ಕೊಟ್ಟಿದ್ದಕ್ಕೆ ಬೆಟ್ಟ ಬೆಂಕಿ ಉಗುಳಿತು ಅಂತ ಕೆನಡಾದ ನಿಸ್ಗಾ ಜನ ಹೇಳುತ್ತಾರೆ. ಅವರಿಗೆ ಕಥೆಯ ಜೀವ ಆ ಮೀನಿನಲ್ಲೇ ಇದೆ.

ಇದನ್ನೆಲ್ಲ ನಾನು ತಡವಾಗಿ ಕಲಿತೆ. ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ಬಂದು, ಒಂದು ಗುಡ್ಡ ಒಂದೇ ರಾತ್ರಿಯಲ್ಲಿ ಸೀಳಿದ ಕಥೆಯನ್ನು ಅಜ್ಜಿ ಹೇಳುತ್ತಾಳೆ, ಅದು ನಿಜ ಇರಬಹುದಾ ಅಂತ ಕೇಳಿದ. "ಅದನ್ನು ಭಾಷೆಯ ಪರೀಕ್ಷೆಯಲ್ಲಿ ಬರಿ" ಅಂದುಬಿಟ್ಟೆ. ಅವನು ಮತ್ತೆ ಕೇಳಲಿಲ್ಲ. ಯಾವ ಗುಡ್ಡ, ಯಾವ ಕಡೆಯ ಇಳಿಜಾರು, ಅಜ್ಜಿಗೆ ಅದನ್ನು ಹೇಳಿದ್ದು ಯಾರು, ಒಂದನ್ನೂ ನಾನು ಕೇಳಲಿಲ್ಲ. ಆ ಅಜ್ಜಿ ಈಗ ಇರಲಾರರು. ನೀವು ಕೇಳಿ.

ಪ್ರಶ್ನೆ: ಹಳೇ ಕಥೆ ಗೊತ್ತಿದ್ದರೆ ಈಗ ಏನು ಉಪಯೋಗ? (9ನೇ ತರಗತಿ ವಿದ್ಯಾರ್ಥಿ)

ಜೀವ ಉಳಿಯುತ್ತದೆ, ಮರಿ.

ಇಂಡೊನೇಷ್ಯಾದಲ್ಲಿ ಸಿಮೆಯುಲುವೆ ಎಂಬ ದ್ವೀಪ ಇದೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬ ಜನ ಸತ್ತರು. ಉಳಿದವರು ಅದಕ್ಕೆ "ಸ್ಮೋಂಗ್" ಅಂತ ಹೆಸರಿಟ್ಟು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಡಾಗಿ ಹೇಳಿಕೊಟ್ಟರು. ನೆಲ ಜೋರಾಗಿ ನಡುಗಿದರೆ, ಸಮುದ್ರ ಹಿಂದೆ ಸರಿದರೆ, ಏನನ್ನೂ ಎತ್ತಿಕೊಳ್ಳದೆ ಗುಡ್ಡ ಹತ್ತು. 2004ರ ಡಿಸೆಂಬರ್ 26ರ ಭೂಕಂಪಕ್ಕೆ ತೀರಾ ಹತ್ತಿರ ಇದ್ದ ನೆಲ ಇದೇ. ಅಲೆ ಬರಲು ಹಿಡಿದದ್ದು ಸುಮಾರು ಹತ್ತು ನಿಮಿಷ. ಯಾರ ಮೊಬೈಲಿಗೂ ಎಚ್ಚರಿಕೆ ಬರಲಿಲ್ಲ. ಯಾರೋ "ಸ್ಮೋಂಗ್" ಅಂತ ಕೂಗಿದರು, ಊರಿಗೆ ಊರೇ ಗುಡ್ಡಕ್ಕೆ ಓಡಿತು. ದ್ವೀಪದ ಜನಸಂಖ್ಯೆ ಆಗ ಸುಮಾರು 78,000. ಸತ್ತವರು 7 ಮಂದಿ.

ಮೊದಲ ಉತ್ತರದಲ್ಲಿ ಹೇಳಿದ ಕ್ಯಾಸ್ಕೇಡಿಯಾ ದಂಡೆಯಲ್ಲಿ ಶೋಲ್‌ವಾಟರ್ ಬೇ ಎಂಬ ಬುಡಕಟ್ಟಿನವರು ಇದ್ದಾರೆ. ಅವರಿರುವುದು ಸಮತಟ್ಟು ದಂಡೆ, ಓಡಿ ಹತ್ತಲು ಹತ್ತಿರದಲ್ಲಿ ಗುಡ್ಡ ಇಲ್ಲ. 2022ರಲ್ಲಿ ಅವರು ಸುಮಾರು 15 ಮೀಟರ್ ಎತ್ತರದ ಗೋಪುರ ಕಟ್ಟಿಸಿದರು. ಭೂಕಂಪ ಆದರೆ ಮೆಟ್ಟಿಲು ಹತ್ತಿ ಮೇಲೆ ನಿಲ್ಲಬಹುದು. 400 ಜನರಿಗೆ ಜಾಗ ಇದೆ. ಅದು ಬುಡಕಟ್ಟಿನವರಿಗೆ ಮಾತ್ರ ಅಲ್ಲ, ಅಕ್ಕಪಕ್ಕದ ಊರಿನವರೂ ಹತ್ತಬಹುದು.